ಮುಂಗೈವರೆಗಿನ ತೋಳು

ಆ ಮನೆಯ ಹೆಣ್ಣುಮಕ್ಕಳ ಮದುವೆಯ ಉಡುಪನ್ನೆಲ್ಲ ಹೊಲಿದವಳು ಚಿಕ್ಕಮ್ಮನೇ. ಹಿಂದಿನ ಮದುಮಗಳ ಉಡುಪಿನದೊಂದು ತುಂಡನ್ನು ಹೊಸದರ ಒಳಪದರಕ್ಕೆ ಸೇರಿಸಿ ಹೊಲಿಯುವುದು ಅವಳ ರೂಢಿ. ಈ ಸಲ, ತೀರಿಹೋದ ಅಕ್ಕನ ಮಗಳ ಸರದಿ.

"ಚಿಕ್ಕಮ್ಮಾ, ನಂಗೂ ಅಮ್ಮನ ಹಾಗೆ ಮುಂಗೈವರೆಗೆ ತೋಳಿರಲಿ," ಎಂದಳು ಹುಡುಗಿ.

"ಈ ಸೆಕೆಯಲ್ಲಾ? ಕರಗಿ ನೀರಾಗ್ತೀಯ ಕಣೇ."

"ಕರಗಿದ್ರೆ ಒಳ್ಳೇದೇ. ಹೇಗೂ ನೀನು ಸೊಂಟ ಬಿಗಿಯಾಗಿ ಹೊಲಿತೀಯ."

ಚಿಕ್ಕಮ್ಮ ನಗುತ್ತಲೇ ಅಳತೆಪಟ್ಟಿಯನ್ನು ಅವಳ ರಟ್ಟೆಗೆ ಸುತ್ತಿದಳು. ಹುಡುಗಿ ನೋವಿನಿಂದ ಕೈ ಸೆಳೆದುಕೊಂಡಳು. ಅಂಗಿ ಸರಿದ ಕಡೆ ನಾಲ್ಕು ಬೆರಳಿನ ನೀಲಿ ಗುರುತು ಕಂಡಿತು.

ಅಕ್ಕನ ಮದುವೆಗೆ ವಾರವಿರುವಾಗ ಅವಳ ರಟ್ಟೆಯಲ್ಲೂ ಇಂಥದೇ ಗುರುತಿತ್ತು. ಅಂದು ಚಿಕ್ಕಮ್ಮ ಬಾಯಿಗೆ ಬೀಗ ಹಾಕಿಕೊಂಡು, ಅದು ಮುಚ್ಚುವಂತೆ ತೋಳನ್ನು ಉದ್ದವಾಗಿ ಹೊಲಿದುಕೊಟ್ಟಿದ್ದಳು. ಆರೇ ವರ್ಷಕ್ಕೆ, ಅಕ್ಕ ಮೆಟ್ಟಿಲಿನಿಂದ ಬಿದ್ದು ಸತ್ತಳೆಂದು ಗಂಡನ ಮನೆಯಿಂದ ಸುದ್ದಿ ಬಂತು. ಎಂಥ ಮರ್ಯಾದಸ್ಥ ಹೆಣ್ಣು, ಎಷ್ಟು ಚೆಂದದ ತೋಳು ಎಂದು ಮನೆಮಂದಿ ಇಂದಿಗೂ ಹಳೆಯ ಫೋಟೊ ನೋಡಿ ಹೊಗಳುತ್ತಾರೆ. ಹೊಗಳುವವರಿಗೆ ನಾಚಿಕೆಯಾಗಬೇಕು, ಹೊಲಿದವಳಿಗೂ.

"ಯಾರು ಮಾಡಿದ್ದು ಇದನ್ನ?"

"ಅವರೇ, ನಾನು ಮದುವೆಯಾಗೋರು. ಸ್ವಲ್ಪ ಮುಂಗೋಪ, ಅಷ್ಟೇ. ಅಜ್ಜನಿಗೆ ಹೇಳ್ಬೇಡ, ನಿನ್ನ ಕಾಲಿಗೆ ಬೀಳ್ತೀನಿ."

ಚಿಕ್ಕಮ್ಮ ಅಳತೆಪಟ್ಟಿಯನ್ನು ಸುತ್ತಿಟ್ಟಳು. ಹೇಳಿದರೆ, ಮದುವೆ ಮುರಿದವಳೆಂದು ಮನೆಯವರು ತನ್ನ ಮುಖ ನೋಡಲಿಕ್ಕಿಲ್ಲ; ಈ ಹುಡುಗಿಯೇ ಶಾಪ ಹಾಕಬಹುದು. ಆದರೂ ಹೊರಕೋಣೆಗೆ ಹೋಗಿ, ಕುರ್ಚಿಯಲ್ಲಿ ಕೂತಿದ್ದ ತಂದೆಯ ಮುಂದೆ ನಿಂತಳು.

"ಅಪ್ಪಾ, ಅಕ್ಕನ ಉಡುಪಿಗೆ ಅಷ್ಟುದ್ದ ತೋಳು ಯಾಕಿಟ್ಟೆ ಅಂತ ನೀವ್ಯಾರೂ ಕೇಳ್ಲಿಲ್ಲ. ಇವತ್ತು ನಾನೇ ಹೇಳ್ತೀನಿ."