ಕಾಶೀಬಾಯಿಯ ಮಿಶ್ರಿ ಡಬ್ಬಿ

ಮಹಾರಾಷ್ಟ್ರದ ಗಡಿಯ ನಿಲಂಗಾದಲ್ಲಿ ಆರೋಗ್ಯ ಕಾರ್ಯಕರ್ತೆಯಾಗಿ ಮನೆಮನೆ ತಿರುಗುವಾಗ, ಕಾಶೀಬಾಯಿ ಎಂಬ ಮುದುಕಿಯ ಬಾಯೊಳಗೆ ಒಂದು ಬಿಳಿ ಕಲೆ ಕಂಡಿತು. ಕ್ಯಾನ್ಸರ್ ಇದ್ದೀತೇ ಎಂದು ಮತ್ತೊಮ್ಮೆ ಬಗ್ಗಿ ನೋಡಿದೆ.

"ತಂಬಾಕ ತಿಂತೀರೇನ್ರಿ ಆಯಿ?" ಅಂದೆ.

"ಛೀ! ನಾ ಲಿಂಗಾ ಕಟ್ಟಿದಾಕಿ. ತಂಬಾಕ ತಿಂದು ಪೂಜಾಕ್ಕ ಕೂಡತಾರೇನವಾ?"

ಮರುದಿನವೇ ಆಕೆಯನ್ನು ಉದಗೀರದ ದವಾಖಾನೆಗೆ ಕರೆದೊಯ್ದೆ. ಬಸ್ಸಿನುದ್ದಕ್ಕೂ ಆಕೆ ಮೊಮ್ಮಗಳ ಮದುವೆಯ ಮಾತಾಡಿದಳು. ನನ್ನ ಕಣ್ಣು ಮಾತ್ರ ಆಕೆಯ ಬಾಯಿ ಬಿಟ್ಟು ಕದಲಲಿಲ್ಲ.

ದವಾಖಾನೆ ಗೇಟಿನಲ್ಲಿ ಕಾವಲುಗಾರ ಗಂಡಸರ ಕಿಸೆ ತಡವಿ ಬೀಡಿ, ಗುಟ್ಕಾ ಕಿತ್ತುಕೊಳ್ಳುತ್ತಿದ್ದ.

"ಎಲ್ಲಾ ಕಸಗೊಳ್ಳೋ ತಮ್ಮಾ, ಒಬ್ಬರಿಗೂ ಬಿಡಬ್ಯಾಡ!" ಎಂದು ಆಯಿ ಅವನಿಗೆ ಹುರುಪು ತುಂಬಿದಳು.

ಒಳಗೆ ಸಾಲಿನಲ್ಲಿ ಕೂತ ಮೇಲೆ ಸೊಂಟದಿಂದ ಡಬ್ಬಿ ತೆಗೆದು, ಕರೀ ಪುಡಿಯಿಂದ ಹಲ್ಲು ತಿಕ್ಕತೊಡಗಿದಳು. ಮಿಶ್ರಿ! ಹಂಚಿನ ಮೇಲೆ ಕರ್ರಗೆ ಹುರಿದ ತಂಬಾಕಿನ ಪುಡಿ.

"ಆಯಿ, ಇದು ತಂಬಾಕ ಅಲ್ಲೇನ್ರಿ?"

"ಇದನ್ನ ಯಾರ್ ತಿಂತಾರವಾ? ಹಲ್ಲಿಗೆ ಹಚ್ಚೂದು. ಡಾಕ್ಟರ್ ನೋಡ್ತಾರಂತ ಇವತ್ತ ಮತ್ತೊಮ್ಮಿ ಹಚ್ಚಲಾಕತ್ತೀನಿ. ಹೊಲಸ ಬಾಯಿ ತೋರಸಲೇನು?"

ಅಷ್ಟರಲ್ಲಿ ಕಾವಲುಗಾರ ನಮ್ಮ ಕಡೆಗೇ ಬಂದ. ಈ ವಯಸ್ಸಿನಾಕೆಗೆ ಎಲ್ಲರೆದುರು ಅವಮಾನವಾಗುತ್ತದೆಂದು ಅಂಜಿ ಡಬ್ಬಿಗೆ ಸೆರಗು ಮುಚ್ಚಿದೆ. ಅವನು ಬಗ್ಗಿ, ಮೆಲ್ಲಗೆ ಅಂಗೈ ಚಾಚಿದ.

"ಆಜಿ, ಥೋಡೀ ಮಿಶ್ರಿ ದ್ಯಾ," ಎಂದು ಮರಾಠಿಯಲ್ಲಿ ಒಂಚೂರು ಮಿಶ್ರಿ ಬೇಡಿದ.

ಅವನ ದವಡೆಹಲ್ಲು ಭಾಳ ದಿನದಿಂದ ನೋಯುತ್ತಿತ್ತಂತೆ.

ನಾನು ಡಬ್ಬಿ ಕೊಡಲಿಲ್ಲ. ಅವನನ್ನೂ ಆಯಿಯ ಪಕ್ಕ ಸಾಲಿನಲ್ಲಿ ಕೂಡಿಸಿದೆ. ಅಷ್ಟು ಹೊತ್ತು ಗೇಟು ಯಾರು ಕಾದರೋ ಗೊತ್ತಿಲ್ಲ.