ಪ್ರಿಂಟ್ ತೆಗೆಸಲು ಬರುತ್ತಿದ್ದ ಮೇಡಂ

ಮೊನ್ನೆ ಆಧಾರ್ ಕಾರ್ಡಿನ ಪ್ರತಿ ಮಾಡಿಸಲು ಕುಂದಾಪುರದ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಯಂತ್ರದಿಂದ ಹೊರಬಂದ ಕಾಗದ ಕೈಗೆ ಬಿಸಿ ಬಿಸಿಯಾಗಿ ತಾಗಿತು. ಆ ಸುಟ್ಟ ಮಸಿಯ ವಾಸನೆ... ನನ್ನ ಅಂಗಡಿ ಮುಚ್ಚಿ ವರ್ಷಗಳಾದರೂ ಮೂಗು ಮರೆತಿಲ್ಲ. ಅದರ ಹಿಂದೆಯೇ ಮೇಡಂ ನೆನಪಾದರು.

ಬೈಂದೂರಿನ ಕಡೆ ನನಗೂ ಅಂಥದೇ ಒಂದು ಅಂಗಡಿಯಿತ್ತು. ಮೇಡಂ ಅಲ್ಲಿನ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ನಲವತ್ತು ದಾಟಿದ ಮೇಲೆ ಸೈಬರ್ ಭದ್ರತೆಯಲ್ಲಿ ಎಂ.ಟೆಕ್ ಮಾಡಲು ಹೊರಟರು. ಬರೆದದ್ದನ್ನೆಲ್ಲ ನನ್ನಲ್ಲೇ ಪ್ರಿಂಟ್ ತೆಗೆಸುತ್ತಿದ್ದರು. ಬರುವಾಗ ಚೀಲದಲ್ಲಿ ನನಗೊಂದು ಬಾಳೆಹಣ್ಣಿನ ಬನ್ಸ್ ಇರುತ್ತಿತ್ತು.

"ಹ್ವಾಯ್ ಮೇಡಂ, ಕಳ್ರನ್ ಹಿಡೂಕೆ ಎಂ.ಟೆಕ್ ಎಂತಕೆ? ಒಂದ್ ನಾಯಿ ಸಾಕ್ರೆ ಸಾಲ್ದಾ?" ಎಂದು ಕಿಚಾಯಿಸುತ್ತಿದ್ದೆ.

"ನಾಯಿ ಯಾರಿಗೂ ಓಟಿಪಿ ಹೇಳ್ತಿಲ್ಲೆ ಮಾರಾಯ್ರೆ. ಪಾಠ ಬೇಕಾದ್ದ್ ನಿಮ್ಗೆ!" ಎಂದು ನಗುತ್ತಿದ್ದರು.

ನನ್ನ ಫೋನಿಗೆ ಬೀಗ ಹಾಕಲು ಕಲಿಸಿದವರೂ ಅವರೇ. ನಾನು ಗುಟ್ಟಿನ ಅಂಕಿ ಒತ್ತುವಾಗ ಮುಖ ಆಚೆ ತಿರುಗಿಸಿ ನಿಲ್ಲುತ್ತಿದ್ದರು. ಇದೊಂದು ಅತಿಯಾಯಿತು ಎಂದುಕೊಳ್ಳುತ್ತಿದ್ದೆ.

ಅವರ ಅಧ್ಯಯನ ಫೋನಿನಲ್ಲಿ ಮೋಸಹೋದ ಹೆಂಗಸರ ಬಗ್ಗೆ. ಯಾರ ಗುರುತೂ ಹೊರಬೀಳದು ಎಂದು ಮಾತು ಕೊಟ್ಟು, ಮನೆ ಮನೆಗೆ ಹೋಗಿ ಕೇಳಿ ಬರೆದುಕೊಂಡಿದ್ದರು. ಉಳಿದದ್ದೆಲ್ಲ ಇಂಗ್ಲಿಷು, ಹೆಂಗಸರ ಮಾತು ಮಾತ್ರ ಕನ್ನಡದಲ್ಲೇ ಇತ್ತು. ಪ್ರಿಂಟ್ ತೆಗೆಯುತ್ತ ಕಣ್ಣಾಡಿಸಿದೆ. ಹತ್ತನೇ ತರಗತಿ ಓದಿದ ನನಗೆ ಅಷ್ಟು ಸಾಕಾಯಿತು. ಒಬ್ಬಾಕೆಯ ಹೊಲಿಗೆ ಅಂಗಡಿ, ಮುಂಬೈ ಹೋಟೆಲಿನಲ್ಲಿ ಗಂಡ, ಕರೆಂಟ್ ಬಿಲ್ಲಿನ ನೆಪದಲ್ಲಿ ಬಂದ ಫೋನು, ಗಂಡನಿಗೂ ಹೇಳದೆ ಮುಚ್ಚಿಟ್ಟ ಸಂಗತಿ... ಹೆಸರಿರಲಿಲ್ಲ. ನಮ್ಮಂಥ ಊರಿನಲ್ಲಿ ಹೆಸರು ಯಾಕೆ ಬೇಕು?

ಚಾ ಅಂಗಡಿಯಲ್ಲಿ ಅದನ್ನು ತಮಾಷೆ ಮಾಡಿ ಹೇಳಿದೆ. ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಸಂಜೆಯೊಳಗೆ ಸುದ್ದಿ ಮುಂಬೈ ಮುಟ್ಟಿತು. ಗಂಡ ಫೋನಿನಲ್ಲೇ ಹರಿಹಾಯ್ದನಂತೆ. ಆಕೆ ಅಂಗಡಿಗೆ ಬೀಗ ಹಾಕಿ ತವರಿಗೆ ಹೋದರು. ಉಳಿದ ಹೆಂಗಸರೆಲ್ಲ ಹೆದರಿ, ತಾವು ಹೇಳಿದ್ದನ್ನು ಅಳಿಸಿಬಿಡಿ ಎಂದು ಮೇಡಂ ಹತ್ತಿರ ಕೇಳಿಕೊಂಡರು. ಮೇಡಂ ಅಳಿಸಿದರು. ಅಷ್ಟು ದಿನ ಓಡಾಡಿ ಮಾಡಿದ ಕೆಲಸ ಅಲ್ಲಿಗೆ ನಿಂತಿತು.

"ನಾನ್ ಹೆಸ್ರ್ ಹೇಳ್ಲಿಲ್ಲೆ ಮೇಡಂ," ಎಂದೆ.

"ನಾನೂ ಬರೀಲಿಲ್ಲೆ. ಆದ್ರೂ ನಿಮ್ಗ್ ಗೊತ್ತಾಯ್ತಲ್ದಾ... ನಂದೂ ತಪ್ಪೇ," ಎಂದರು.

ಬೈದಿದ್ದರೆ ಹಗುರಾಗುತ್ತಿತ್ತು. ಅವತ್ತೂ ಚೀಲದಲ್ಲಿ ಬನ್ಸ್ ಇತ್ತು. ಮೇಜಿನ ಮೇಲಿಟ್ಟು ಹೋದರು.

ಮರುವರ್ಷ ಅವರಿಗೆ ವರ್ಗವಾಯಿತು. ಎಂ.ಟೆಕ್ ಮುಗಿಸಿದರೋ ಇಲ್ಲವೋ ತಿಳಿಯದು. ಒಮ್ಮೆ ಕ್ಷಮೆ ಕೇಳಬೇಕೆಂದು ಈ ವಯಸ್ಸಿನಲ್ಲಿ ಜೀವ ಹಾತೊರೆಯುತ್ತದೆ. ಶಾಲೆಯಲ್ಲಿ ವಿಚಾರಿಸಿದರೆ ಯಾರಾದರೂ ಅವರ ಫೋನ್ ನಂಬರ್ ಕೊಟ್ಟಾರು... ಅವರನ್ನು ಕೇಳದೆ ಅವರ ನಂಬರ್ ಪಡೆಯಲು ಮನಸ್ಸೊಪ್ಪದೆ ಸುಮ್ಮನಿದ್ದೇನೆ.

ಹೊಲಿಗೆ ಅಂಗಡಿ ಎಂದೆನಲ್ಲ, ಅದು ಹೊಲಿಗೆ ಅಂಗಡಿಯಲ್ಲ. ಯಾರ ಗುರುತೂ ಸಿಗದಿರಲೆಂದು ಇಲ್ಲಿ ಊರಿನ ಹೆಸರನ್ನೂ ಬದಲಿಸಿದ್ದೇನೆ. ಬನ್ಸ್ ಒಂದನ್ನು ಬದಲಿಸಲು ಮನಸ್ಸಾಗಲಿಲ್ಲ.