ಅಂಚು ಸೀಳದ ರೊಟ್ಟಿ

ಕಳೆದ ಭಾನುವಾರ ಮಗಳು ಲಿಂಗಂಪಲ್ಲಿ ಕಡೆಯ ದೊಡ್ಡ ಅಂಗಡಿಯೊಂದರಿಂದ ಥಳಥಳಿಸುವ ಪೊಟ್ಟಣ ತಂದು ಊಟದ ಮೇಜಿನ ಮೇಲಿಟ್ಟಳು. ಒಳಗೆ ಜೋಳದ ರೊಟ್ಟಿ. ಮೇಲೆ ‘ಗ್ಲುಟೆನ್ ಫ್ರೀ’ ಎಂಬ ಹಸಿರು ಮುದ್ರೆ, ಪಕ್ಕದಲ್ಲಿ ರೊಟ್ಟಿ ಹಿಡಿದು ನಗುವ ಹೆಣ್ಣುಮಗಳು. ಜನ್ಮದಲ್ಲಿ ಬಿಸಿ ಹಂಚು ಮುಟ್ಟಿದ ಕೈಗಳಲ್ಲ ಅವು. ಕತ್ತರಿ ಹಾಕಿದೆ. ಜೋಳದ ವಾಸನೆ ಸಂಕೋಚಪಡುತ್ತ ಹೊರಗೆ ಬಂತು. ರೊಟ್ಟಿಗಳೋ ಗುಂಡಗೆ, ನುಣ್ಣಗೆ, ಒಂದರ ಪಡಿಯಚ್ಚು ಇನ್ನೊಂದು. ಅಂಚಿನಲ್ಲಿ ಒಂದೇ ಒಂದು ಸೀಳಿಲ್ಲ. ನೀವಾಗಿದ್ದರೆ ಎಷ್ಟು ಚಂದ ಎನ್ನುತ್ತಿದ್ದಿರಿ. ನಾನು ಪೊಟ್ಟಣ ತಿರುಗಿಸಿ ಹಿಂಬದಿಯ ಸಣ್ಣಕ್ಷರ ಹುಡುಕಿದೆ. ಸೀಳದ ರೊಟ್ಟಿ ಎಂದರೆ ನಮ್ಮ ಮನೆಯಲ್ಲಿ ಹಳೆಯದೊಂದು ಪ್ರಕರಣವಿದೆ.

ಮಗಳು ಆಗ ಐದನೇ ಕ್ಲಾಸು. ಉಂಡರೆ ಹೊಟ್ಟೆನೋವು, ಉಣ್ಣದಿದ್ದರೆ ಸುಸ್ತು. ಎಲ್ಲರ ಮಕ್ಕಳ ಫ್ರಾಕು ವರ್ಷಕ್ಕೆ ಗಿಡ್ಡವಾದರೆ ಇವಳದು ಹಾಗೇ ಇರುತ್ತಿತ್ತು. ನಾವಿರುವುದು ತೆಲುಗು ಸೀಮೆಯ ಮಲ್ಕಾಜ್‌ಗಿರಿಯಲ್ಲಿ, ಯಜಮಾನರು ರೈಲ್ವೆ ಕಚೇರಿಯವರು. ಜಂತಿನ ಔಷಧ, ದೃಷ್ಟಿ ತೆಗೆಯುವುದು, ತಾಯಿತ ಎಲ್ಲ ಸೋತ ಮೇಲೆ ಡಾಕ್ಟರಮ್ಮ ಒಬ್ಬರು ರಕ್ತ ಪರೀಕ್ಷೆ ಮಾಡಿಸಿ, ಗೋಧಿಯೊಳಗಿನ ಅಂಟು ಈ ಕೂಸಿನ ಕರುಳಿಗೆ ಆಗಿಬರುವುದಿಲ್ಲ ಎಂದರು. ಮನೆಯವರದೂ ರಕ್ತ ನೋಡೋಣ ಎಂದರು. ನೋಡಿದರೆ ಯಜಮಾನರಿಗೂ ಅದೇ! ಅಷ್ಟು ವರ್ಷ ಅವರು ತಮ್ಮ ತೇಗನ್ನೆಲ್ಲ ಕಚೇರಿಯ ಕ್ಯಾಂಟೀನಿನ ತಲೆಗೆ ಕಟ್ಟಿದ್ದರು. ಪಾಪದ ಕ್ಯಾಂಟೀನು.

“ಗೋಧುಮ ಪಿಂಡಿ ವದ್ದಮ್ಮಾ. ಮೈದಾ, ರವಾ, ಸಬ್ ಬಂದ್!” ಎಂದರು ಡಾಕ್ಟರಮ್ಮ, ಗೋಧಿ ಹಿಟ್ಟೇ ಬೇಡವೆಂದು ತೆಲುಗು-ಹಿಂದಿ ಬೆರೆಸಿ.

ನಾನು ಒಳಗೊಳಗೇ ನಕ್ಕೆ. ನಾವು ವಿಜಯಪುರ ಕಡೆಯವರು. ಜೋಳದ ರೊಟ್ಟಿಯ ಮಂದಿಗೆ ಗೋಧಿ ಬಿಡಿ ಎನ್ನುವುದೂ ಒಂದು ಶಿಕ್ಷೆಯೇ? ಮೇಲಾಗಿ ಮನೆಯಲ್ಲಿ ನಮ್ಮತ್ತೆಯವರಿದ್ದರು.

ಅತ್ತೆಯ ರೊಟ್ಟಿಗೆ ಇಡೀ ಕ್ವಾರ್ಟರ್ಸಿನಲ್ಲಿ ಹೆಸರಿತ್ತು. ಹಾಳೆಯಷ್ಟು ತೆಳು, ಮರುದಿನವೂ ಕರ್ಚೀಫಿನಂತೆ ಮಡಚಬಹುದು. ಗುಟ್ಟು ಕೇಳಲು ಬಂದ ತೆಲುಗು ಹೆಂಗಸರಿಗೆ ಅತ್ತೆ ತಮ್ಮ ಅಂಗೈ ತೋರಿಸುತ್ತಿದ್ದರು, ಅಷ್ಟೇ. ನಸುಕಿನಲ್ಲೇ ಎದ್ದು ನಮ್ಮ ಕಡೆ ಬೆನ್ನು ಮಾಡಿ ಹಿಟ್ಟು ನಾದುತ್ತಿದ್ದರು. “ನಾದೂ ಮುಂದ ಯಾರೂ ನೋಡಬಾರ್ದು, ಹಿಟ್ಟಿಗಿ ದೃಷ್ಟಿ ಆಗತೈತಿ” ಎನ್ನುತ್ತಿದ್ದರು. ಅವರು ಊರಿಗೆ ಹೋದಾಗ ಬಡಿಯುವ ಸರದಿ ನನ್ನದು. ನನ್ನ ರೊಟ್ಟಿ ಹಂಚಿಗೆ ಬೀಳುವ ಮೊದಲೇ ಸುತ್ತಲೂ ಸೀಳುತ್ತಿತ್ತು. ಯಜಮಾನರು ಅದನ್ನು ಎತ್ತಿ ಹಿಡಿದು, “ಇವತ್ತ ಯಾವ ಜಿಲ್ಲಾದ ನಕಾಶಿ ಬಡದೀ?” ಎಂದು ಕೇಳುವರು. ನಾನು ದಿನಕ್ಕೊಂದು ಜಿಲ್ಲೆಯ ಹೆಸರು ಹೇಳುತ್ತಿದ್ದೆ.

ಸರಿ, ಗೋಧಿಯ ಗಡೀಪಾರು ಶುರುವಾಯಿತು. ರವೆ, ಶಾವಿಗೆ, ಬಿಸ್ಕತ್ತು ಎಲ್ಲ ಹೊರಗೆ. ಕನ್ನಡಕ ಹಾಕಿಕೊಂಡು ಇಂಗಿನ ಡಬ್ಬಿ ಓದಿದರೆ ಅದರಲ್ಲೂ ಮೈದಾ! ಅದೂ ಹೊರಗೆ. ಗಿರಣಿಯ ಒಂದೇ ಕಲ್ಲಿನಲ್ಲಿ ಗೋಧಿ, ಜೋಳ ಎರಡೂ ಬೀಸುತ್ತಾರೆಂದು ಮನೆಗೇ ಸಣ್ಣ ಬೀಸುವ ಯಂತ್ರ ತಂದೆವು. ಅದರ ಸದ್ದಿಗೆ ಕೆಳಗಿನ ಮನೆಯವರು ರೈಲಿನ ಹಳಿ ಇತ್ತ ತಿರುಗಿತೇ ಎಂದು ವಿಚಾರಿಸಿದರು. ದೇವರ ಕಪಾಟಿನಲ್ಲಿದ್ದ ಪುಟ್ಟ ಡಬ್ಬಿಯ ಗೋಧಿ ಹಿಟ್ಟನ್ನು ಮಾತ್ರ ಮುಟ್ಟಲಿಲ್ಲ. ಅದು ಹಿಟ್ಟಿನ ಆರತಿ ಮಾಡಲು ಅತ್ತೆ ಇಟ್ಟುಕೊಂಡದ್ದು, ಖಾಲಿಯಾದರೆ ತಾವೇ ತಂದು ತುಂಬುತ್ತಿದ್ದರು. ದೇವರ ಕರುಳು ಗಟ್ಟಿಯಿದ್ದೀತು ಎಂದು ಬಿಟ್ಟೆ.

ದಿನ ಬೆಳಗಾದರೆ ಎರಡು ಡಬ್ಬಿ: ಶಾಲೆಗೊಂದು, ಕಚೇರಿಗೊಂದು. ಎರಡರಲ್ಲೂ ಅತ್ತೆಯ ರೊಟ್ಟಿ, ಶೇಂಗಾ ಚಟ್ನಿ, ಕಾಳಿನ ಪಲ್ಯ, ಮೊಸರನ್ನ. ಕಚೇರಿಯದಕ್ಕೆ ಉಳ್ಳಾಗಡ್ಡಿ ಹೆಚ್ಚು. ಈಗ ಫೋನಿನಲ್ಲಿ ಇದನ್ನೇ ಹೆಂಗಸರು ಸಂಗೀತ ಹಾಕಿ ಕಲಿಸುತ್ತಾರೆ. ನಾನು ಕುಕ್ಕರಿನ ಸೀಟಿಗೇ ಕಲಿತೆ.

ಆದರೆ ತಿಂಗಳುಗಳು ಕಳೆದರೂ ನೋವು ಹೋಗಲಿಲ್ಲ. ಮತ್ತೆ ರಕ್ತ ನೋಡಿ ಡಾಕ್ಟರಮ್ಮ ಗದರಿದರು: “ಎಲ್ಲಿಂದಲೋ ಗೋಧಿ ಹೊಟ್ಟೆಗೆ ಹೋಗುತ್ತಿದೆ. ಮಗು ಕದ್ದು ತಿನ್ನುತ್ತಿರಬೇಕು.”

ಆ ಸಂಜೆ ಯಜಮಾನರ ನ್ಯಾಯಾಲಯ ಕೂತಿತು.

“ಯಾರ ಡಬ್ಬ್ಯಾಗ ಕೈ ಹಾಕಿದಿ? ಖರೇ ಹೇಳ.”

“ಇಲ್ಲಪ್ಪಾ, ದೇವರಾಣಿ.”

“ನೂಡಲ್ಸ್ ತಿಂದೀ ಇಲ್ಲೋ?”

ಹುಡುಗಿ ಕಣ್ಣೊರೆಸಿಕೊಂಡಳು. “ನೀವೂ ಇನ್ನಾ ತೇಗಾಕತ್ತೀರಲ್ಲ. ನೀವ್ಯಾರ ಡಬ್ಬ್ಯಾಗ ಕೈ ಹಾಕೀರಿ?”

ನ್ಯಾಯಾಧೀಶರೇ ಕಟಕಟೆಗೆ ಬಂದರು. ಕಟಕಟೆಗೆ ಬಂದ ಅಪ್ಪಂದಿರು ಮಾಡುವುದನ್ನೇ ಮಾಡಿದರು, ಹೊಡೆಯಲು ಕೈ ಎತ್ತಿದರು.

“ಕೈ ಇಳಸೋ!”

ಮೂಲೆಯಲ್ಲಿ ಬೇಳೆ ಆರಿಸುತ್ತಿದ್ದ ಅತ್ತೆ ಮೊರ ಬದಿಗಿಟ್ಟು ಎದ್ದರು. ನೇರ ದೇವರ ಕಪಾಟಿಗೆ ಹೋಗಿ ಆ ಪುಟ್ಟ ಡಬ್ಬಿ ತಂದು ಮಗನ ಮುಂದೆ ಕುಕ್ಕಿದರು.

“ಕೂಸು ಕದ್ದಿಲ್ಲ. ಕಳ್ಳಿ ನಾನ ಅದೀನಿ. ದಿನಾ ಹಿಟ್ಟಿನ್ಯಾಗ ಇದರದು ಒಂದ್ ಹಿಡಿ ಹಾಕತಿದ್ದೆ. ಸೀಳಬಾರ್ದಂತ.”

“ಅವ್ವಾ, ಗೋಧಿ ಬ್ಯಾಡಂದ್ರ...”

“ಗೋಧಿ ಬ್ಯಾಡಂದ್ರ ಚಪಾತಿ ಬ್ಯಾಡ ಅಂತ ತಿಳದಿದ್ದೆ. ಒಂದ್ ಹಿಡಿ ಏನ್ ಮಾಡತೈತಿ ಅಂದ್ಕೊಂಡೆ.” ಅತ್ತೆಯ ದನಿ ಇಳಿಯಿತು. “ಮದಿವ್ಯಾಗಿ ಬಂದಾಗ ನನ್ನ ರೊಟ್ಟಿನೂ ಸೀಳತಿದ್ವು. ನಮ್ಮತ್ತಿ ನಾಕ ಮಂದಿ ಮುಂದ ಎತ್ತಿ ಹಿಡದು, ಸೀಳಿನ್ಯಾಗಿಂದ ನನ್ನ ಮಾರಿ ನೋಡಿ ನಗತಿದ್ಲು. ಆವಾಗ ಹಿಡದ ಚಟ.”

ಅಂದರೆ ಅಷ್ಟು ದಿನ ದೇವರಿಗೆ ಹಿಟ್ಟಿನ ಆರತಿಯೇ ಆಗಿರಲಿಲ್ಲ. ದೇವರೂ ಚಾಡಿ ಹೇಳಿರಲಿಲ್ಲ.

ಹೇಳಿ, ನಾನು ಕುಣಿಯಬೇಕಿತ್ತಲ್ಲವೇ? ಒಂದು ಚಿಟಿಕೆ ಗೋಧಿಯೂ ಸೇರದ ನನ್ನ ನಕಾಶೆಗಳೆಲ್ಲ ಒಂದೇ ಕ್ಷಣದಲ್ಲಿ ನಿರ್ದೋಷಿಗಳು. ಯಜಮಾನರಿಗೆ ಹೇಳಲು ಒಂದೊಂದು ಜಿಲ್ಲೆಗೂ ಒಂದೊಂದು ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಅತ್ತೆ ಆ ಹೆಸರುವಾಸಿ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದರು. “ನಾಳಿಂದ ನೀನ ಬಡಿ” ಎಂದರು ನನಗೆ.

ಮಗಳು ಹೋಗಿ ಅವರ ಪಕ್ಕ ಒರಗಿದಳು. “ಆಯಿ, ನೀನ ಬಡಿ. ಸೀಳಿದ್ರ ಸೀಳಲಿ.”

ಮರುದಿನ ಅತ್ತೆ ಮೊದಲ ಬಾರಿಗೆ ನಮ್ಮ ಕಡೆ ಮುಖ ಮಾಡಿ ನಾದಿದರು. ರೊಟ್ಟಿ ನನ್ನದಕ್ಕಿಂತ ಹೆಚ್ಚು ಸೀಳಿತು. ಅವರು ಅದನ್ನು ಬಿಸಿಯಿದ್ದಾಗಲೇ ಬೆಳ್ಳುಳ್ಳಿ, ಜೀರಿಗೆ, ಮೆಣಸಿನಕಾಯಿ ಹಾಕಿ ಕುಟ್ಟಿ, ತುಪ್ಪ ಬಿಟ್ಟು, ಮುಷ್ಟಿಯಲ್ಲಿ ಒತ್ತಿ ಮುಟಗಿ ಕಟ್ಟಿ ಡಬ್ಬಿಗೆ ಹಾಕಿದರು. “ಈಗ ಸೀಳು ಯಾರಿಗಿ ಕಾಣತೈತಿ?” ಎಂದರು. ಕೆಲವು ದಿನಗಳಲ್ಲಿ ನಾಚಿಕೆ ಬಿಟ್ಟು, ಸೀಳಿದ ರೊಟ್ಟಿಯನ್ನೇ ಹಾಗೇ ಇಡತೊಡಗಿದರು. ಮಗಳ ಫ್ರಾಕು ಗಿಡ್ಡವಾಯಿತು. ಯಜಮಾನರ ತೇಗು ಅರ್ಧ ಉಳಿಯಿತು. ಅದಕ್ಕೂ ಗೋಧಿಗೂ ಸಂಬಂಧವಿರಲಿಲ್ಲವೆಂದು ಕಾಣುತ್ತದೆ.

ಮಗಳೀಗ ಇಂಟರ್, ಅಂದರೆ ನಮ್ಮ ಕಡೆಯ ಪಿಯುಸಿ, ಓದುತ್ತಿದ್ದಾಳೆ. ಭಾನುವಾರ ಅವಳು ತಂದ ರೊಟ್ಟಿಯನ್ನು ಅತ್ತೆ ಕಿಟಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. “ಯಾರೋ ಪಾಪ, ಅತ್ತಿಗಿ ಅಂಜಿ ಒಂದ್ ಹಿಡಿ ಹಾಕ್ಯಾರ.”

“ಆಯಿ, ಇದು ಮಷೀನ್ ಮಾಡಿದ್ದು!”

“ಮಷೀನಿಗೂ ಅತ್ತಿ ಇರತಾಳ.”

ಹಿಂಬದಿಯ ಸಣ್ಣಕ್ಷರದಲ್ಲಿ ಗೋಧಿಯಿರಲಿಲ್ಲ, ಯಾವುದೋ ಗೋಂದಿತ್ತು. ಆದರೂ ಯಾರೂ ಮುಟ್ಟಲಿಲ್ಲ. ಮನೆಯಲ್ಲಿ ಕರುಳು ಗಟ್ಟಿಯಿರುವವಳೆಂದು ನಾನೇ ತಿಂದೆ. ಚಪ್ಪಲಿಯನ್ನು ಮೊಸರಿನಲ್ಲಿ ಅದ್ದಿದಂತಿತ್ತು.

ಇವತ್ತು ಬೆಳಿಗ್ಗೆ ಮತ್ತೆ ಎರಡು ಡಬ್ಬಿ. ಅತ್ತೆಯ ತೋಳುಗಳು ಈಗ ಸೋಲುತ್ತವೆ. ಬಡಿಯುವುದು ನಾನು, ತಪಾಸಣೆ ಅವರದು. ಸ್ಟೂಲಿನ ಮೇಲೆ ಕೂತು ಮೊದಲ ರೊಟ್ಟಿಯನ್ನು ಎತ್ತಿ ಹಿಡಿದರು. ಅಂಚಿನಿಂದ ನಡುವಿನವರೆಗೆ ಸೀಳಿತ್ತು. ಆ ಸೀಳಿನಿಂದ ಒಂದು ಕಣ್ಣು ನನ್ನ ಮುಖ ನೋಡಿತು.

“ಸೀಳೈತಿ” ಎಂದರು. “ಕಟ್ಟು ಡಬ್ಬಿ.”